ಜೋಳದ ಚೀಲದ ಗೋಡೆ

1976ರ ಮಾರ್ಚ್ ತಿಂಗಳ ಎರಡನೇ ಗುರುವಾರ ಬೆಳಗ್ಗೆ ಸಿಂದಗಿಯ ನಮ್ಮ ಮನೆಯಲ್ಲಿ ದನ ಕಟ್ಟುವ ಜಾಗದಲ್ಲಿ ಮೇವು ಹಾಕುವ ಹಲಗೆಯ ಗೋದಲಿಯನ್ನು ಕೆಡವಲಾಯಿತು. ಹನ್ನೊಂದು ಗಂಟೆಯ ಹೊತ್ತಿಗೆ ಅಲ್ಲಿ ಹೊಸ ಗೋಡೆಗೆಂದು ಅರ್ಧ ಪಾಯ ತೋಡಿಯಾಗಿತ್ತು. ಹನ್ನೊಂದೂವರೆಗೆ ಮುದ್ದೇಬಿಹಾಳದ ಬಸ್ಸಿನಿಂದ ಇಳಿದು ನನ್ನ ಅಕ್ಕ ಮನೆಗೆ ಬಂದಳು. ಅವಳು ಏಳು ತಿಂಗಳ ಬಸುರಿ. ಕೆಲಸ ಅಲ್ಲಿಗೇ ನಿಂತಿತು.

ನಾನು ಆಗ ಒಂದು ಪತ್ರಿಕೆಗೆ ಸಿಂದಗಿಯಿಂದ ಸುದ್ದಿ ಕಳಿಸುತ್ತಿದ್ದೆ. ಆ ಅಭ್ಯಾಸದಿಂದ ಮನೆಯಲ್ಲಿ ನಡೆದದ್ದನ್ನೂ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಗೋದಲಿ ಕೆಡವಿದ ದಿನದ ಪುಟದಲ್ಲಿ ಮೂರೇ ಸಾಲುಗಳಿವೆ. ಉಳಿದದ್ದು ನೆನಪಿನಿಂದ ಬರೆಯುತ್ತಿದ್ದೇನೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಎಡಕ್ಕೆ ದನಗಳ ಜಾಗ. ಅದಕ್ಕೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಹನ್ನೊಂದು ಅಡಿ ಬಯಲು. ಆ ಬಯಲಿನ ಎದುರಿಗೆ, ಒಂದು ಮೆಟ್ಟಿಲು ಮೇಲೆ, ಪಡಸಾಲೆ. ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಮೂಲೆಯಲ್ಲಿ ಬಚ್ಚಲು. ಒಂಬತ್ತು ಜನರಿದ್ದೆವು. ಎಲ್ಲರೂ ಮಲಗುವುದು, ಉಣ್ಣುವುದು, ಬಂದವರನ್ನು ಕೂರಿಸುವುದು ಪಡಸಾಲೆಯಲ್ಲೇ. ಹಾಸಿಗೆಗಳನ್ನು ಬೆಳಗ್ಗೆ ಸುತ್ತಿ ಗೋಡೆಯ ಹಲಗೆಯ ನಾಗೊಂದಿಗೆಯ ಮೇಲೆ ಒಟ್ಟುತ್ತಿದ್ದರು. ಮೊಸರು, ಬೆಣ್ಣೆ ನೆಲುವಿನಲ್ಲಿ ತೂಗುತ್ತಿದ್ದವು. ಕಬ್ಬಿಣದ ಟ್ರಂಕಿನ ಮೇಲೆ ಕೌದಿ ಹಾಸಿ ಬೀಗರಿಗೆ ಆಸನ ಮಾಡುತ್ತಿದ್ದರು. ಇರುವ ಜಾಗವನ್ನು ಅವ್ವ ದಿನಕ್ಕೆ ನಾಲ್ಕು ಸಲ ಬದಲಿಸುತ್ತಿದ್ದಳು. ಒಳಗಿನಿಂದ ಮುಚ್ಚಿಕೊಳ್ಳಬಹುದಾದ ಬಾಗಿಲು ಇಡೀ ಮನೆಯಲ್ಲಿ ಒಂದೇ. ಅದು ಬೀದಿಯದು.

ಅಕ್ಕನ ಮೊದಲ ಬಾಣಂತನ ಎರಡು ವರ್ಷದ ಹಿಂದೆ ಪಡಸಾಲೆಯ ಮೂಲೆಯಲ್ಲಿ, ಹಳೆಯ ಸೀರೆಯೊಂದನ್ನು ಪರದೆ ಕಟ್ಟಿ ಮಾಡಿದ್ದು. ಪರದೆಯ ಆಚೆ ಜನ ಓಡಾಡುತ್ತಿದ್ದರು, ಕೆಮ್ಮುತ್ತಿದ್ದರು, ನೋಡಲು ಬಂದವರು ಸರಿಸಿ ನೋಡುತ್ತಿದ್ದರು. ಕೂಸು ಹನ್ನೊಂದನೇ ದಿನ ಜ್ವರ ಬಂದು ತೀರಿಹೋಯಿತು. ಕಾರಣ ಪರದೆಯೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಅಕ್ಕ ಹೇಳಿದಳು. ಎರಡನೇ ಸಲ ಬಸುರಾದಾಗ ಮುದ್ದೇಬಿಹಾಳದಿಂದ ಒಂದು ಕಾರ್ಡು ಬರೆದಳು: ಬಾಗಿಲಿರುವ ಖೋಲಿ ಆದರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲೇ ಇರುತ್ತೇನೆ. ಅಪ್ಪ ಆ ಕಾರ್ಡನ್ನು ಎರಡು ಸಲ ಓದಿಸಿಕೊಂಡ. ಮರುವಾರ ಹಿತ್ತಲಿನಲ್ಲಿ ಛಪ್ಪರ ಹಾಕಿಸಿ ಎತ್ತು, ಎಮ್ಮೆಗಳನ್ನು ಅಲ್ಲಿಗೆ ಕಟ್ಟಿದ.

ಯೋಜನೆ ಸರಳವಾಗಿತ್ತು. ಗೋದಲಿ ತೆಗೆಯುವುದು, ಸಗಣಿ ಗಂಜಳ ಹೀರಿದ ಮಣ್ಣು ಎತ್ತಿ ಗಟ್ಟಿಯಾದ ಗರಸು ಮಣ್ಣು ಹಾಕುವುದು, ಬಯಲಿದ್ದ ಕಡೆ ಇಟ್ಟಂಗಿಯ ಗೋಡೆ ಎಬ್ಬಿಸಿ ಬಾಗಿಲು ಕೂಡಿಸುವುದು, ಸುಣ್ಣ ಹೊಡೆದು ಕೆಳಗೆ ಕೆಂಪು ಹುರಮಂಜಿಯ ಪಟ್ಟಿ ಎಳೆಯುವುದು. ಬೇವಿನ ಚೌಕಟ್ಟು, ಬಾಗಿಲು ಮೊದಲೇ ಸಿದ್ಧವಾಗಿದ್ದವು. ಗೋಡೆ ಕಟ್ಟುವ ಗೌಂಡಿ ಬಸವನಬಾಗೇವಾಡಿ ಊರಿನವ. ಯುಗಾದಿಯ ಒಳಗೆ ಮುಗಿಸುತ್ತೇನೆ ಎಂದಿದ್ದ. ಅಕ್ಕ ಬರುವುದು ಯುಗಾದಿ ಆದ ಮೇಲೆ ಎಂದು ಅವ್ವ ತಿಂಗಳು ಎಣಿಸಿ ಹೇಳಿದ್ದಳು.

ಅವ್ವನ ಎಣಿಕೆಯಲ್ಲಿ ಅಕ್ಕನಿಗೆ ಆಗ ಆರು ತುಂಬಿತ್ತು. ಬೀಗರ ಎಣಿಕೆಯಲ್ಲಿ ಏಳು ತುಂಬುತ್ತ ಬಂದಿತ್ತು. ಎಂಟರಲ್ಲಿ ಬಸುರಿಯನ್ನು ತವರಿಗೆ ಕಳಿಸುವ ಪದ್ಧತಿಯಿಲ್ಲ. ಶನಿವಾರಕ್ಕೆ ಎಂಟು ಬೀಳುತ್ತದೆ ಎಂದು ಅವಳ ಅತ್ತೆಗೆ ಬುಧವಾರ ಸಂಜೆ ಹೊಳೆಯಿತು. ಗುರುವಾರದ ಮೊದಲ ಬಸ್ಸಿಗೆ ಅಕ್ಕನನ್ನು ಹತ್ತಿಸಿದರು.

ಅಕ್ಕ ಹೊಸ್ತಿಲು ದಾಟಿದಳು. ಅಪ್ಪನ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಮೊಮ್ಮಗಳ ಮುಖ ನೋಡುವ ಮೊದಲೇ ಗೌಂಡಿಯ ಕಡೆ ಕೈ ಎತ್ತಿದಳು.

"ಗುದ್ದಲಿ ಕೆಳಗ ಇಡೋ."

"ಆಯಿ, ಇನ್ನ ನಾಕ ಅಡಿ ಉಳದೈತ್ರಿ. ಪಾಯಾ ಮುಗಿಸಿಬಿಡ್ತೇನಿ."

"ಬಸರಿ ಹೆಣಮಗಳು ಮನ್ಯಾಗ ಕಾಲಿಟ್ಟಾಳ. ಇನ್ನ ಈ ಮನ್ಯಾಗ ಕೆಡವೂದಿಲ್ಲ, ಅಗಿಯೂದಿಲ್ಲ, ಮೊಳಿ ಬಡಿಯೂದಿಲ್ಲ."

ಗೌಂಡಿ ಗುದ್ದಲಿ ಇಟ್ಟ. ವಾದ ಮಾಡಲಿಲ್ಲ; ಅವನ ಮನೆಯಲ್ಲೂ ಅದೇ ಕಟ್ಟಳೆ. ಅಪ್ಪ ಮಾತ್ರ ಮೆಟ್ಟಿಲ ಮೇಲೆ ಕೂತು ಬಿಟ್ಟ.

"ಅವ್ವಾ, ಅರ್ಧಾ ಕಿತ್ತ ಮನ್ಯಾಗ ಹೆಂಗ ಇರೂದು?"

"ಇಡೀ ಇದ್ದಾಗ ಹೆಂಗ ಇದ್ದೆಪ್ಪಾ? ಹಂಗ ಇರು."

ಅಕ್ಕ ಚೀಲ ಕೆಳಗಿಟ್ಟು, ಪಾಯದ ತಗ್ಗನ್ನೂ ಗೋಡೆಗೆ ಒರಗಿಸಿದ್ದ ಬಾಗಿಲನ್ನೂ ನೋಡಿದಳು. "ಬಾಗಲ ಐತಿ. ಖೋಲಿ ಎಲ್ಲೈತಿ?" ಎಂದಳು. ಅವ್ವ ಕಾಲಿಗೆ ನೀರು ತಂದಳು.

ಹತ್ತು ದಿನ ಹಾಗೇ ಹೋಯಿತು. ತಗ್ಗಿನ ಸುತ್ತ ಬಳಸಿ ನಡೆಯುವುದು ಎಲ್ಲರಿಗೂ ರೂಢಿಯಾಯಿತು, ಎಮ್ಮೆಯೊಂದನ್ನು ಬಿಟ್ಟು. ಅದು ಮೂರು ಸಲ ಹಗ್ಗ ಹರಿದುಕೊಂಡು ಹಿತ್ತಲಿನಿಂದ ಹಳೆಯ ಜಾಗಕ್ಕೆ ಬಂದು ನಿಂತಿತು. ಅಕ್ಕ ಅದರ ಬೆನ್ನು ಸವರುತ್ತ, "ನೀ ಜಾಗಾ ಕಳಕೊಂಡಿ, ನನಗ ಸಿಗಲಿಲ್ಲ," ಎಂದದ್ದನ್ನು ನಾನೇ ಕೇಳಿದ್ದೇನೆ.

ತನ್ನ ಸಾಮಾನು ಒಯ್ಯಲು ಗೌಂಡಿ ಬಂದ ದಿನವೇ ರಾಶಿಯ ಜೋಳ ಮನೆಗೆ ಬಂತು. ಇಪ್ಪತ್ತು ಚೀಲ. ಎಲ್ಲಿ ಒಟ್ಟುವುದು ಎಂದು ಅಪ್ಪ ಮತ್ತು ಅಣ್ಣ ಪಡಸಾಲೆಯಲ್ಲಿ ನಿಂತು ಅಳೆಯುತ್ತಿದ್ದರು. ಜೋಳ ಪಡಸಾಲೆಗೆ ಬಂದರೆ ಇಬ್ಬರು ಮಲಗುವ ಜಾಗ ಹೋಗುತ್ತಿತ್ತು. ಗೌಂಡಿ ಬಹಳ ಹೊತ್ತು ಚೀಲಗಳನ್ನು ನೋಡಿದ. ಆಮೇಲೆ ಆಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಆಯಿ, ಅಗಿಯೂದಿಲ್ಲ, ಕೆಡವೂದಿಲ್ಲ. ಇಡಾಕ ಏನರೆ ಅಡ್ಡಿ ಐತೇನ್ರಿ?"

"ಏನ ಇಡತಿ?"

"ಚೀಲಾ ಇಡತೇನ್ರಿ. ಜ್ವಾಳದ ಚೀಲಾ ಯಾರ ಮನ್ಯಾಗ ಇಡೂದಿಲ್ಲ?"

ಚೀಲ ಇಡುವುದಕ್ಕೆ ಅಡ್ಡಿಯಿಲ್ಲ ಎಂದಳು ಆಯಿ.

ಗೋದಲಿಯ ಹಲಗೆಗಳನ್ನು ಪಾಯದ ತಗ್ಗಿನ ಮೇಲೆ ಅಡ್ಡಡ್ಡ ಹಾಸಿ, ಅದರ ಮೇಲೆ ಚೀಲಗಳನ್ನು ಇಟ್ಟಂಗಿಯಂತೆ ಸಂದಿಗೆ ಸಂದಿ ಬಾರದ ಹಾಗೆ ಏರಿಸಿದರು. ಉದ್ದಕ್ಕೆ ಮೂರು, ಎತ್ತರಕ್ಕೆ ಆರು, ಒಟ್ಟು ಹದಿನೆಂಟು. ಎರಡು ಚೀಲ ಹೊರಗೆ ಉಳಿದವು. ಗೌಂಡಿ ತೂಕದ ದಾರ ಹಿಡಿದು ಪ್ರತಿ ಸಾಲನ್ನೂ ನೋಡಿದ. ಐದು, ಆರನೆಯ ಸಾಲಿಗೆ ನೂರು ಕಿಲೋದ ಚೀಲ ಎತ್ತಿದ್ದು ಅಪ್ಪ, ಅಣ್ಣ, ಗೌಂಡಿ ಮತ್ತು ನಾನು. ಎಂಟು ದಿನ ನನಗೆ ಸೊಂಟ ನೆಟ್ಟಗಾಗಲಿಲ್ಲ. ಉಳಿದ ಎರಡಡಿ ಸಂದಿನಲ್ಲಿ ಬೇವಿನ ಚೌಕಟ್ಟು ನಿಲ್ಲಿಸಿದರು. ಮೊಳೆ ಹೊಡೆಯುವಂತಿರಲಿಲ್ಲ. ಹಗ್ಗದಿಂದ ಮೇಲಿನ ತೊಲೆಗೂ ಪಕ್ಕದ ಕಂಬಕ್ಕೂ ಬಿಗಿದರು.

ಚೀಲ ಕಾಣದ ಹಾಗೆ ಮೇಲೆ ಸಗಣಿ ಮಣ್ಣು ಬಳಿಯಬೇಕೆಂದು ಅವ್ವನಿಗಿತ್ತು. ಬುಟ್ಟಿ ತಂದೂ ಇಟ್ಟಿದ್ದಳು.

"ಬಳದ್ರ ಗ್ವಾಡಿ ಆಗತೈತಿ," ಎಂದಳು ಆಯಿ. "ಗ್ವಾಡಿ ಆದ್ರ ಕಟ್ಟಿಸಿದಾಂಗ. ಬಳೀಬ್ಯಾಡ."

"ಅತ್ತಿ, ಹಂಗಾದ್ರ ಈಗ ಇದೇನ ಐತ್ರಿ?"

"ಜ್ವಾಳ."

ಹೀಗೆ ಆ ಜಾಗಕ್ಕೆ ಗೋಡೆ ಬಂತು. ಒಳಗಿನ ಮಣ್ಣು ತೆಗೆಯುವಂತಿರಲಿಲ್ಲ, ಸುಣ್ಣ ಹೊಡೆಯಲು ಮೊದಲು ಕೆರೆಯಬೇಕಿತ್ತು, ಅದೂ ಆಗಲಿಲ್ಲ. ಹಳೆಯ ನೆಲದ ಮೇಲೆ ಬೂದಿ ಚೆಲ್ಲಿ, ಹುಲ್ಲು ಹರಡಿ, ಅದರ ಮೇಲೆ ಎರಡು ಕೌದಿ ಹಾಸಿದರು. ಮಲಗಲು ಹೊರಸು ಹಾಕಿದರು. ಮಾಳಿಗೆಯ ಬೆಳಕಿಂಡಿಯಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಬಿಸಿಲಿನ ಚೌಕ ಹೊರಸಿನ ಮೇಲೆ ಬೀಳುತ್ತಿತ್ತು. ದನದ ವಾಸನೆ ಹೋಗಲಿಲ್ಲ. ಅಕ್ಕ ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಕೂಡಲೇ ತೆರೆದಳು.

"ಚಿಲಕ ಎಲ್ಲಿ?"

ಚಿಲಕಕ್ಕೆ ಮೊಳೆ ಬೇಕು. ಆಯಿ ಬೇರೆ ಕಡೆ ನೋಡಿದಳು. ಅವ್ವ ಖಾರ ಅರೆಯುವ ಗುಂಡುಕಲ್ಲು ತಂದು ಬಾಗಿಲ ಒಳಗೆ ಇಟ್ಟಳು. ಅಕ್ಕ ಅದನ್ನು ಕಾಲಿನಿಂದ ದೂಡಿ ಬಾಗಿಲಿಗೆ ಒತ್ತುವುದನ್ನು ಕಲಿತಳು. ಅಂದಿನಿಂದ ನಮ್ಮ ಮನೆಯ ಖಾರ ಪಕ್ಕದ ಮನೆಯಲ್ಲಿ ಅರೆಯಬೇಕಾಯಿತು.

ಮೇ ತಿಂಗಳ ಮೂರನೇ ವಾರ, ಬೆಳಗ್ಗೆ ಹತ್ತರ ಸುಮಾರಿಗೆ ಅಕ್ಕನಿಗೆ ನೋವು ಬಂತು. ಸೂಲಗಿತ್ತಿ ಬಂದಳು. ಆಯಿ ಮನೆಯಲ್ಲಿದ್ದ ಗಂಟುಗಳನ್ನೆಲ್ಲ ಬಿಚ್ಚಿಸಲು ಶುರು ಮಾಡಿದಳು. ಹೆರಿಗೆಯ ಮನೆಯಲ್ಲಿ ಗಂಟು ಇರಬಾರದು ಎಂಬುದೂ ಕಟ್ಟಳೆಯೇ. ಅವ್ವ ತನ್ನ ತುರುಬು ಬಿಚ್ಚಿದಳು. ಹಾಸಿಗೆ ಸುತ್ತಿದ ಹಗ್ಗ, ನೆಲುವಿನ ಹಗ್ಗ, ಹಿಟ್ಟಿನ ಚೀಲದ ಬಾಯಿ ಬಿಚ್ಚಿದವು. ಕೊನೆಗೆ ಆಯಿ ಬಾಗಿಲ ಚೌಕಟ್ಟಿನ ಮುಂದೆ ಬಂದು ನಿಂತಳು.

"ಇದನೂ ಬಿಚ್ಚು."

"ಆಯಿ, ಬಿಚ್ಚಿದ್ರ ಚೌಕಟ್ಟ ಬೀಳತೈತಿ," ಎಂದೆ ನಾನು.

"ನೀ ಅದೀಯಲ್ಲ, ಹಿಡಕೋ."

ನಾನು ಹಿಡಿದುಕೊಂಡೆ. ಮುಖ ಪಡಸಾಲೆಯ ಕಡೆ, ಬೆನ್ನು ಬಾಗಿಲ ಕಡೆ, ಎರಡೂ ಕೈ ತಲೆಯ ಮೇಲೆ ಚೌಕಟ್ಟಿಗೆ. ಒಳಗೆ ಸೂಲಗಿತ್ತಿ ಮಾತಾಡುವುದು, ಅಕ್ಕ ಹಲ್ಲು ಕಚ್ಚುವುದು ಕೇಳುತ್ತಿತ್ತು. ಹನ್ನೊಂದು ಆಯಿತು. ಗೌಂಡಿ ಕೆಲಸ ಯಾವಾಗ ಶುರು ಮಾಡಬಹುದೆಂದು ಕೇಳಲು ಅದೇ ದಿನ ಬಂದ. ಬೀದಿಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ, ಚಪ್ಪಲಿ ಬಿಟ್ಟು ಬಂದು ಇನ್ನೊಂದು ಬದಿ ಹಿಡಿದ.

"ಜನ್ಮದಾಗ ಎಷ್ಟೋ ಚೌಕಟ್ಟ ನಿಂದ್ರಿಸೇನ್ರಿ," ಎಂದ. "ನಾನ ಚೌಕಟ್ಟಾಗಿ ನಿಂತಿದ್ದಿಲ್ಲ."

"ಸುಮ್ನಿರೋ, ನಕ್ರ ಅಲುಗಾಡತೈತಿ."

"ನಾ ಎಲ್ಲಿ ನಕ್ಕೇನ್ರಿ? ಕೈ ನಡಗಾಕತ್ತಾವ."

ಹನ್ನೆರಡೂವರೆಯ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು. ಆಯಿ ಹಗ್ಗ ಕಟ್ಟಲು ಅಪ್ಪಣೆ ಕೊಟ್ಟಳು. ನನ್ನ ಬೆರಳುಗಳು ಮಡಚಲು ಬರಲಿಲ್ಲ. ಗಂಟು ಹಾಕಿದ್ದು ಗೌಂಡಿ.

ಗೋಡೆಯ ಬಗ್ಗೆ ಒಂದು ವಿಷಯವನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಅದು ನಾವು ಉಣ್ಣುವ ಜೋಳ. ಹೊರಗಿದ್ದ ಎರಡು ಚೀಲ ಮೇ ಮೊದಲ ವಾರಕ್ಕೇ ಮುಗಿದಿದ್ದವು. ಅವ್ವ ಹೆರಿಗೆಯ ತನಕ ಸಜ್ಜೆಯ ರೊಟ್ಟಿ ಬಡಿದು, ಪಕ್ಕದ ಮನೆಯಿಂದ ಕಡ ತಂದು ದಿನ ತಳ್ಳಿದ್ದಳು. ಕೂಸು ಹುಟ್ಟಿದ ಮರುದಿನ ಅಪ್ಪ ತಾಟು ಸರಿಸಿದ.

"ಮನ್ಯಾಗ ಹದಿನೆಂಟ ಚೀಲ ಜ್ವಾಳ ಇಟ್ಕೊಂಡ ಮಂದಿ ಮನಿಗೆ ಹೋಗಿ ಬೇಡೂದು ಎಲ್ಲೈತಿ?"

"ಅದು ಜ್ವಾಳಲ್ಲ, ಗ್ವಾಡಿ," ಎಂದಳು ಅವ್ವ.

"ನಮ್ಮವ್ವ ಅದಕ್ಕ ಜ್ವಾಳ ಅಂತಾಳ. ನೀ ಗ್ವಾಡಿ ಅಂತಿ. ನಾ ಏನ ತಿನ್ನಲಿ?"

ಒಳಗಿದ್ದ ಅಕ್ಕನಿಗೆ ಇದೆಲ್ಲ ಕೇಳುತ್ತಿತ್ತು. ಚೀಲದ ಗೋಡೆ ಮಾತು ತಡೆಯುವುದಿಲ್ಲ. "ಅವ್ವಾ, ಹನ್ನೊಂದ ದಿನಾ ಆಗೂತನಾ ಮುಟ್ಟಬ್ಯಾಡ್ರಿ," ಎಂದಳು. ಅಪ್ಪ ತಾಟು ಮತ್ತೆ ಎಳೆದುಕೊಂಡ. ಸಜ್ಜೆ ರೊಟ್ಟಿಯನ್ನೇ ಉಂಡ.

ಹನ್ನೊಂದನೇ ದಿನ ಅಕ್ಕ ಬಾಗಿಲು ತೆರೆಯಲಿಲ್ಲ. ಬೆಳಗ್ಗೆ ಅವ್ವ ದೂಡಿ ನೋಡಿದಳು, ಗುಂಡುಕಲ್ಲು ಸರಿಯಲಿಲ್ಲ. ಕೂಸಿಗೆ ಎಣ್ಣೆ ನೀರು ಹಾಕಬೇಕು ಎಂದರೆ ಅಕ್ಕ ಒಳಗಿನಿಂದಲೇ ಇವತ್ತು ಬೇಡ ಎಂದಳು. ನೋಡಲು ಬಂದ ಓಣಿಯ ಇಬ್ಬರು ಹೆಂಗಸರು ಸಕ್ಕರೆ ಕೊಟ್ಟು ಪಡಸಾಲೆಯಿಂದಲೇ ಹೊರಟರು. "ಮಹಾರಾಣಿ ವಾಡೇದಾಗ ಅದಾಳೇನ?" ಎಂದು ಒಬ್ಬಳು ಹೊಸ್ತಿಲ ಹತ್ತಿರ ಅಂದದ್ದು ಎಲ್ಲರಿಗೂ ಕೇಳಿಸಿತು. ನಾನು ಟ್ರಂಕು ಸರಿಸಿ ಅದರ ಮೇಲೆ ನಿಂತು ಬಾಣಂತಿಯ ಊಟವನ್ನು ಮೇಲಿನ ಚೀಲದ ಮೇಲಿಟ್ಟೆ. ಒಳಗಿನಿಂದ ಅಕ್ಕ ಹೊರಸಿನ ಮೇಲೆ ನಿಂತು ತೆಗೆದುಕೊಂಡಳು. ಅವಳ ಕೈ ಮಾತ್ರ ಕಂಡಿತು. ಶೇಗಡಿಯ ಕೆಂಡಕ್ಕೆ ಹಾಕಿದ ಲೋಬಾನದ ಹೊಗೆ ಚೀಲಗಳ ಸಂದಿನಿಂದ ದಿನವಿಡೀ ಹೊರಬರುತ್ತಿತ್ತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಕೂಸು ಅತ್ತಾಗ ಎಲ್ಲರೂ ತಲೆ ಎತ್ತುತ್ತಿದ್ದರು, ಸುಮ್ಮನಾದಾಗ ಇನ್ನೂ ಹೆಚ್ಚು.

ಹನ್ನೆರಡನೇ ದಿನ ಬೆಳಗ್ಗೆ ಗುಂಡುಕಲ್ಲು ಉರುಳುವ ಸದ್ದಾಯಿತು. ಅಕ್ಕ ಬಾಗಿಲು ತೆರೆದು, "ನೀರ ಕಾದಾವೇನ?" ಎಂದು ಕೇಳಿದಳು. ಆಮೇಲೆ, "ಮ್ಯಾಲಿನ ಚೀಲಾ ತಗೋರಿ," ಎಂದಳು.

ಮೇಲಿನ ಚೀಲದಿಂದ ಅವ್ವ ಜೋಳ ತೋಡಿಕೊಂಡಳು. ಚೀಲ ಖಾಲಿಯಾದಾಗ ಅದಕ್ಕೆ ಕಣದ ಹೊಟ್ಟು ತುಂಬಿ ಬಾಯಿ ಹೊಲಿದು ಅದೇ ಜಾಗಕ್ಕೆ ಇಡಿಸಿದಳು. ಹೀಗೆ ಒಂದಾದ ಮೇಲೊಂದು. ಅಕ್ಟೋಬರಿನಲ್ಲಿ ಅಕ್ಕ ಐದು ತಿಂಗಳ ಕೂಸಿನ ಜೊತೆ ಮುದ್ದೇಬಿಹಾಳಕ್ಕೆ ಹೊರಟಾಗ ಗೋಡೆ ಹಾಕಿದ ದಿನದಷ್ಟೇ ಎತ್ತರವಿತ್ತು. ಮೇಲಿನ ಆರು ಚೀಲ ಹೊಟ್ಟು, ಕೆಳಗಿನ ಹನ್ನೆರಡು ಜೋಳ.

ಅಕ್ಕನನ್ನು ಬಸ್ಸಿಗೆ ಕೂರಿಸಿ ಬಂದ ಅಪ್ಪ ಅಂದೇ ಗೌಂಡಿಗೆ ಹೇಳಿ ಕಳಿಸಿದ. ನಾಲ್ಕನೇ ದಿನ ಗೌಂಡಿ ಗುದ್ದಲಿ, ಕರಣಿ ಹಿಡಿದು ಬಂದ. ಚಹಾ ಕುಡಿಯುವಾಗ ಆಯಿ ಹೇಳಿದಳು: ಅಣ್ಣನ ಹೆಂಡತಿಗೆ, ನನ್ನ ಅತ್ತಿಗೆಗೆ, ಮೂರು ತಿಂಗಳು. ಗೌಂಡಿ ಚಹಾ ಮುಗಿಸಿ, ಬಶಿ ಕವುಚಿಟ್ಟು, ಮಧ್ಯಾಹ್ನದ ಬಸ್ಸಿಗೆ ಬಾಗೇವಾಡಿಗೆ ಹೋದ.

ಏಳರಲ್ಲಿ ಅತ್ತಿಗೆ ತವರು ಇಂಡಿಗೆ ಹೋದಳು. ಮನೆಯಲ್ಲಿ ಈಗ ಬಸುರಿ ಇಲ್ಲ, ಕೆಲಸ ಮಾಡಬಹುದು ಎಂದು ಅಪ್ಪ ಲೆಕ್ಕ ಹಾಕಿದ. ಗೌಂಡಿ ಮತ್ತೆ ಬಂದ.

"ಬಸರ ಈ ಮನೀದು," ಎಂದಳು ಆಯಿ. "ಆಕಿ ಇಂಡ್ಯಾಗರೆ ಇರಲಿ, ಎಲ್ಲ್ಯರೆ ಇರಲಿ. ಗುದ್ದಲಿ ಮುಟ್ಟಬ್ಯಾಡ."

ಗೌಂಡಿ ತಲೆ ಕೆರೆದುಕೊಂಡ. "ಹಂಗಾದ್ರ ಆಯಿ, ಅಕ್ಕಾರ ಬಸರ ಮುದ್ದೇಬಿಹಾಳದ್ದಲ್ರಿ? ಅವಾಗ ನಾ ಯಾಕ ಗುದ್ದಲಿ ಇಟ್ಟೆ?"

ಪಡಸಾಲೆಯಲ್ಲಿದ್ದ ಎಲ್ಲರೂ ಆಯಿಯ ಮುಖ ನೋಡಿದರು. ಹೋದ ವರ್ಷ ಇದನ್ನು ಯಾರೂ ಕೇಳಿರಲಿಲ್ಲ. ಆಯಿ ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗೆ ಹಾಕಿಕೊಂಡಳು.

"ಹೊಟ್ಟಿ ಎಲ್ಲೈತಿ ಅಲ್ಲೂ ಅಗಿಯೂದಿಲ್ಲ. ಬಸರ ಯಾರದೈತಿ ಅಲ್ಲೂ ಅಗಿಯೂದಿಲ್ಲ."

"ಹಂಗಾದ್ರ ನಮ್ಮಂಥಾ ಗೌಂಡ್ಯಾರ ಎಲ್ಲಿ ಅಗೀಬೇಕ್ರಿ?"

"ಮುದುಕ್ಯಾರ ಮನ್ಯಾಗ."

ಗೌಂಡಿ ನಕ್ಕ. ಅಪ್ಪ ನಗಲಿಲ್ಲ. ಗೋಡೆಗೆಂದು ತಂದ ಇಟ್ಟಂಗಿಗಳ ಮೇಲೆ ಆ ವರ್ಷ ಅವ್ವ ಸಗಣಿಯ ಕುಳ್ಳು ಬಡಿದಳು.

1977ರ ಜೋಳ ಬಂದಾಗ ಹಳೆಯ ಚೀಲ ಇಳಿಸಿ ಹೊಸ ಚೀಲ ಏರಿಸಿದೆವು. ಅತ್ತಿಗೆ ಗಂಡು ಕೂಸಿನ ಜೊತೆ ಇಂಡಿಯಿಂದ ಬಂದು ಅದೇ ಖೋಲಿಯಲ್ಲಿ ಇದ್ದಳು. ಎಳೆಯ ಕೂಸಿನ ಮುಂದೆ ಧೂಳು ಎಬ್ಬಿಸಬಾರದು ಎಂದು ಕೆಲಸ ಮತ್ತೆ ಮುಂದಕ್ಕೆ ಹೋಯಿತು. 1978ರ ಜೋಳ ಬಂದಾಗಲೂ ಚೀಲ ಇಳಿಸಿ, ಚೀಲ ಏರಿಸಿದೆವು. ಪ್ರತಿ ವರ್ಷ ಮೂವತ್ತಾರು ಸಲ ಎತ್ತುವುದು. ನಾಲ್ಕನೆಯ ಹೆಗಲು ಬೇಕೆಂದು ಗೌಂಡಿ ಪ್ರತಿ ಸಲ ಬಾಗೇವಾಡಿಯಿಂದ ಬರುತ್ತಿದ್ದ, ಪ್ರತಿ ಸಲವೂ ತೂಕದ ದಾರ ಹಿಡಿದು ಸಾಲು ನೋಡುತ್ತಿದ್ದ.

1978ರ ಅಕ್ಟೋಬರಿನಲ್ಲಿ ಆಯಿ ತೀರಿಕೊಂಡಳು. ಜ್ವರ ಬಂದು ನಾಲ್ಕು ದಿನ ಮಲಗಿದ್ದು ಆ ಖೋಲಿಯ ಹೊರಸಿನ ಮೇಲೆ. ಬಾಗಿಲು ಮುಚ್ಚಬೇಡಿ ಎಂದಿದ್ದಳು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಕಟ್ಟಡದ ಕೆಲಸವಿಲ್ಲ. ಇದನ್ನು ಈ ಸಲ ಹೇಳಿದ್ದು ಅಪ್ಪ.

ವರ್ಷಾಂತಿಕ ಮುಗಿದ ಮೇಲೆ, 1979ರ ನವೆಂಬರಿನಲ್ಲಿ, ಅಪ್ಪ ಮನೆಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ಯಾರಿಗಾದರೂ ಏನಾದರೂ ಇದೆಯೇ ಎಂದು ಕೇಳಿದ. ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಇಲ್ಲ ಎಂದಳು. "ಖರೇನ?" ಎಂದು ಅಪ್ಪ ಇನ್ನೊಮ್ಮೆ ಕೇಳಿದ. ಅವ್ವ ಅವನನ್ನು ಹೊರಗೆ ಕಳಿಸಿದಳು.

ಗೌಂಡಿ ಬಂದು ಚೀಲಗಳನ್ನು ಪಡಸಾಲೆಗೆ ಇಳಿಸಿದ. ಹಲಗೆ ತೆಗೆದಾಗ ಪಾಯದ ತಗ್ಗು 1976ರಲ್ಲಿ ಇದ್ದಂತೆಯೇ ಇತ್ತು. ಅದರಲ್ಲಿ ಇಲಿ ಗೂಡು, ಕೂಸು ಆಡುವ ಒಂದು ಗಿಲಗಂಚಿ ಮತ್ತು ಅವನದೇ ಅಳತೆಯ ಮುರುಕು ಗಜಕಡ್ಡಿ ಸಿಕ್ಕವು. ಉಳಿದ ನಾಲ್ಕು ಅಡಿ ತೋಡಿದ. ಒಂಬತ್ತು ದಿನಗಳಲ್ಲಿ ಗೋಡೆ ಎದ್ದಿತು. ಹಳೆಯ ಮಣ್ಣು ಹೋಗಿ ಗರಸು ಬಿತ್ತು, ಸುಣ್ಣ ಆಯಿತು, ಹುರಮಂಜಿಯ ಪಟ್ಟಿ ಎಳೆಯಲಾಯಿತು. ಗೋದಲಿಯ ಹಲಗೆಗಳು ಗೋಡೆಯಲ್ಲಿ ಎರಡು ನಾಗೊಂದಿಗೆಯಾದವು. ಇಟ್ಟಂಗಿಯ ಗೋಡೆ ಚೀಲದ ಅರ್ಧದಷ್ಟೂ ದಪ್ಪವಿರಲಿಲ್ಲ. ಖೋಲಿ ಒಳಗೆ ಒಂದಡಿ ಹೆಚ್ಚಾಯಿತು. ಕೊನೆಯ ದಿನ ಗೌಂಡಿ ಬಾಗಿಲಿಗೆ ಒಳಚಿಲಕ ಹಾಕಿದ. ನಾಲ್ಕು ಮೊಳೆ ಬೇಕಾದವು. ಅವ್ವ ಗುಂಡುಕಲ್ಲನ್ನು ತೊಳೆದು ಅಡುಗೆಮನೆಗೆ ಒಯ್ದಳು.

ಡಿಸೆಂಬರ್ ಮೊದಲ ವಾರ ಮುದ್ದೇಬಿಹಾಳದಿಂದ ಅಕ್ಕನ ಕಾರ್ಡು ಬಂತು. ಮಗಳು ಆರಾಮಿದ್ದಾಳೆ, ತನಗೆ ಮೂರು ತಿಂಗಳು, ಏಳರಲ್ಲಿ ಬರುತ್ತೇನೆ, ಚಿಲಕ ಹಾಕಿಸಿದಿರೋ ಇಲ್ಲವೋ ತಿಳಿಸಿರಿ ಎಂದು ಬರೆದಿದ್ದಳು. ಅಪ್ಪ ಹೇಳಿದಂತೆ ಉತ್ತರ ಬರೆದವನು ನಾನು. ಚಿಲಕ ಹಾಕಿಸಿದೆ ಎಂದು ಬರೆದೆ. ಕಾರ್ಡನ್ನು ಮರುದಿನ ಬೆಳಗ್ಗೆ ಅಂಚೆ ಡಬ್ಬಿಗೆ ಹಾಕಲಾಯಿತು.